ಓಲೆಪ್ರತಿಗಳ ಚಿತ್ರಕಡತಗಳೂ ಮಿಡ್‌ನೈಟ್ ಕಮಾಂಡರಿನ ಕೀಲಿಗಳೂ

ಗ್ರಂಥಭಂಡಾರಗಳಲ್ಲಿರುವ ಓಲೆಪ್ರತಿಗಳನ್ನೂ ಕಾಗದದ ಪ್ರತಿಗಳನ್ನೂ ಛಾಯಾಚಿತ್ರ ರೂಪದಲ್ಲಿ ಗಣಕಯಂತ್ರಕ್ಕೆ ಏರಿಸಿ ರಕ್ಷಿಸುವ ಕಾರ್ಯ ಇತ್ತೀಚಿನ ದಶಕಗಳಲ್ಲಿ ವ್ಯಾಪಕವಾಗಿ ನಡೆದಿರುವುದು ವಿದ್ವಾಂಸರಿಗೆ ವಿದಿತವಾದ ಸಂಗತಿಯೇ. ಚಿತ್ರಗಳನ್ನು ತೆಗೆಯುವ ವಿಧಾನ, ಬೆಳಕಿನ ವ್ಯವಸ್ಥೆ, ಗರಿಗೆ ಎಣ್ಣೆ ಸವರುವ ಕ್ರಮ ಮುಂತಾದವುಗಳ ವಿಚಾರವಾಗಿ ಸಾಕಷ್ಟು ಚರ್ಚೆ ನಡೆದಿದೆ. ತೆಗೆದ ಚಿತ್ರಗಳನ್ನು ಆಮೇಲೆ ಹೇಗೆ ಸರಿಸಬೇಕು, ಹೇಗೆ ನಕಲು ಮಾಡಬೇಕು, ಹೇಗೆ ತಾಳೆ ನೋಡಬೇಕು ಎಂಬ ವಿಚಾರಕ್ಕೆ ಅಷ್ಟು ಗಮನ ದೊರೆತಂತಿಲ್ಲ. 180 ಗರಿಗಳ ಒಂದು ಕಟ್ಟಿಗೆ ಎರಡು ಪಾರ್ಶ್ವಗಳಂತೆ 360 ಚಿತ್ರಗಳಾಗುತ್ತವೆ. ಕಟ್ಟಿನ ಗರಿಗಳನ್ನು ದಾರ ಹಿಡಿದಿರುತ್ತದೆ. ದಾರ ಕಡಿದರೂ ಅಂಚಿನ ಅಂಕೆ ಇರುತ್ತದೆ. ಅಂಕೆ ಅಳಿದರೂ ಹುಳು ಕೊರೆದ ರಂಧ್ರಗಳ ಸಾಲನ್ನು ನೋಡಿ ಗರಿಯ ಸ್ಥಾನವನ್ನು ಊಹಿಸಬಹುದು. ಗಣಕಯಂತ್ರದೊಳಗಿನ ಚಿತ್ರಗಳಿಗೆ ಇಂಥ ದಾರವಿಲ್ಲ. ಕಡತದ ಹೆಸರೊಂದೇ ಅವುಗಳನ್ನು ಹಿಡಿದಿಡುವ ಸೂತ್ರ. ಆ ಹೆಸರು ಕೆಟ್ಟರೆ, ಅಥವಾ ಒಂದರ ಮೇಲೊಂದು ಕಡತ ಬಿದ್ದು ಅಳಿದರೆ, ಕಟ್ಟು ಬಿಚ್ಚಿ ಚೆಲ್ಲಿದ ಸ್ಥಿತಿಯೇ ಒದಗುತ್ತದೆ.

ಈ ಕೆಲಸಕ್ಕೆ ಒದಗುವ ಸಾಧನಗಳಲ್ಲಿ ಮಿಡ್‌ನೈಟ್ ಕಮಾಂಡರ್ ಎಂಬ ಕಡತ ನಿರ್ವಾಹಕ ತಂತ್ರಾಂಶವನ್ನು ಇಲ್ಲಿ ಪರಿಚಯಿಸಲಾಗಿದೆ. ಇದು ಚಿತ್ರಗಳನ್ನೂ ಗುಂಡಿಗಳನ್ನೂ ತೋರಿಸುವ ಬಗೆಯದಲ್ಲ. ಕೇವಲ ಅಕ್ಷರಗಳಿಂದಲೂ ಗೆರೆಗಳಿಂದಲೂ ತುಂಬಿದ ಪರದೆ ಇದರದು. ಕೆಲಸವೆಲ್ಲ ಕೀಲಿಮಣೆಯಿಂದಲೇ ಸಾಗುತ್ತದೆ. ಇಂಥದೊಂದು ಹಳೆಯ ಮಾದರಿಯ ತಂತ್ರಾಂಶ ಈಗ ಯಾತಕ್ಕೆ ಎಂಬ ಪ್ರಶ್ನೆ ಸಹಜ. ಮೌಸಿನಿಂದ ಕಡತಗಳನ್ನು ಎಳೆದು ಬಿಡುವಾಗ ಬೆರಳು ಸ್ವಲ್ಪ ಜಾರಿದರೆ 40 ಚಿತ್ರಗಳು ಪಕ್ಕದ ಕೋಶದೊಳಗೆ ಬಿದ್ದು ಹೋಗುತ್ತವೆ, ಎಲ್ಲಿ ಬಿದ್ದವೆಂಬುದೂ ತಿಳಿಯುವುದಿಲ್ಲ. ಕೀಲಿಯ ಕ್ರಮದಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದು ಕಣ್ಣೆದುರಿಗೆ ಬರೆದಿರುತ್ತದೆ. ಅಲ್ಲದೆ ಇದು ತೀರ ಹಳೆಯ ಗಣಕಯಂತ್ರದಲ್ಲಿಯೂ ನಡೆಯುತ್ತದೆ. ದೂರದಲ್ಲಿರುವ ಸಂಗ್ರಹಯಂತ್ರಕ್ಕೆ ಜಾಲದ ಮೂಲಕ ಪ್ರವೇಶಿಸಿದಾಗ ದೊರೆಯುವ ಬರಿಯ ಅಕ್ಷರದ ಪರದೆಯ ಮೇಲೂ ನಡೆಯುತ್ತದೆ.

ಇದರ ಮೂಲ ಮಾದರಿ ನಾರ್ಟನ್ ಕಮಾಂಡರ್. ಜಾನ್ ಸೋಚಾ ಎಂಬವರು ರಚಿಸಿದ ಆ ತಂತ್ರಾಂಶವನ್ನು ಅಮೆರಿಕೆಯ ಪೀಟರ್ ನಾರ್ಟನ್ ಕಂಪ್ಯೂಟಿಂಗ್ ಸಂಸ್ಥೆ 1986ರಲ್ಲಿ ಹೊರತಂದಿತು. ಪರದೆಯನ್ನು ಎಡಬಲಗಳಾಗಿ ಎರಡು ಫಲಕಗಳನ್ನಾಗಿ ಮಾಡಿ, ಒಂದರಿಂದ ಇನ್ನೊಂದಕ್ಕೆ ಕಡತಗಳನ್ನು ಸಾಗಿಸುವ ಕ್ರಮ ಅದರಿಂದ ಪ್ರಸಿದ್ಧವಾಯಿತು. ಮೆಕ್ಸಿಕೋ ದೇಶದ ಮಿಗೆಲ್ ದೆ ಇಕಾಸಾ 1994ರಲ್ಲಿ ಅದೇ ಮಾದರಿಯನ್ನು ಅನುಸರಿಸಿ ಯೂನಿಕ್ಸ್ ಬಗೆಯ ಯಂತ್ರಗಳಿಗಾಗಿ ಮಿಡ್‌ನೈಟ್ ಕಮಾಂಡರನ್ನು ರಚಿಸತೊಡಗಿದರು. ಇದು ಮುಕ್ತ ತಂತ್ರಾಂಶ. ಯಾರೂ ಹಣ ತೆರದೆ ಬಳಸಬಹುದು. ಲಿನಕ್ಸ್ ಇರುವ ಯಂತ್ರದಲ್ಲಿ ಇದನ್ನು ಸೇರಿಸಿಕೊಳ್ಳುವುದು ಸುಲಭ. ಟರ್ಮಿನಲ್ ತೆರೆದು ಎಂ, ಸಿ ಎಂಬ ಎರಡು ಸಣ್ಣ ರೋಮನ್ ಅಕ್ಷರಗಳನ್ನು ಬರೆದು ಎಂಟರ್ ಒತ್ತಿದರೆ ತಂತ್ರಾಂಶ ತೆರೆದುಕೊಳ್ಳುತ್ತದೆ.

ಎರಡು ಫಲಕಗಳ ಈ ವಿನ್ಯಾಸ ಲಿಪಿಕಾರನ ಮಣೆಯನ್ನು ನೆನಪಿಗೆ ತರುವಂತಿದೆ. ಒಂದು ಕಡೆ ಮಾತೃಕೆ, ಇನ್ನೊಂದು ಕಡೆ ಬರೆಯಬೇಕಾದ ಗರಿ. ಆದರೆ ಎಡದ್ದೇ ಮಾತೃಕೆ, ಬಲದ್ದೇ ಪ್ರತಿ ಎಂಬ ನಿಯಮ ಇಲ್ಲಿಲ್ಲ. ಎದ್ದು ಕಾಣುವ ಬಣ್ಣದ ಪಟ್ಟಿಯೊಂದು ಎರಡರಲ್ಲಿ ಒಂದು ಫಲಕದೊಳಗೆ ಇರುತ್ತದೆ. ಆ ಪಟ್ಟಿ ಇರುವ ಫಲಕವೇ ಮಾತೃಕೆಯ ಸ್ಥಾನ, ಇನ್ನೊಂದು ಗಮ್ಯಸ್ಥಾನ. ಟ್ಯಾಬ್ ಕೀಲಿಯನ್ನು ಒತ್ತಿದೊಡನೆ ಪಟ್ಟಿ ಆಚೆ ಫಲಕಕ್ಕೆ ಹಾರುತ್ತದೆ, ಮಾತೃಕೆ ಪ್ರತಿಯಾಗುತ್ತದೆ, ಪ್ರತಿ ಮಾತೃಕೆಯಾಗುತ್ತದೆ. ಈ ತಂತ್ರಾಂಶದಿಂದ ಆಗುವ ಅನಾಹುತಗಳಲ್ಲಿ ಬಹುಭಾಗ ಈ ಒಂದು ಅಂಶವನ್ನು ಮರೆತುದರಿಂದ ಆಗತಕ್ಕವು. ಆದಕಾರಣ ಕೀಲಿಗಳನ್ನು ಕಲಿಯುವಾಗ, ಯಾವುದನ್ನೂ ಬದಲಿಸದೆ ಕೇವಲ ಸಂಚರಿಸುವ ಕೀಲಿಗಳನ್ನು ಮೊದಲು, ಗುರುತು ಹಾಕುವ ಮತ್ತು ಹೋಲಿಸುವ ಕೀಲಿಗಳನ್ನು ಆಮೇಲೆ, ಕಡತಗಳನ್ನು ಬದಲಿಸುವ ಕೀಲಿಗಳನ್ನು ಕಡೆಗೆ ಅಭ್ಯಾಸ ಮಾಡುವುದು ಯುಕ್ತ. ತಂತ್ರಾಂಶದ ಕೆಳಅಂಚಿನಲ್ಲಿ ಕಾಣುವ ಹತ್ತು ಕೀಲಿಗಳ ಪಟ್ಟಿಯನ್ನು ನೋಡಿ ಅಲ್ಲಿಂದಲೇ ಆರಂಭಿಸುವ ರೂಢಿ ಇದೆ. ಅದು ಸರಿಯಾದ ದಾರಿಯಲ್ಲ.

ಮೊದಲಿಗೆ ಸಂಚಾರ. ಮೇಲೆ ಕೆಳಗೆ ಬಾಣದ ಕೀಲಿಗಳಿಂದ ಪಟ್ಟಿ ಒಂದೊಂದೇ ಹೆಸರಿನ ಮೇಲೆ ಸರಿಯುತ್ತದೆ. ಪೇಜ್ ಅಪ್, ಪೇಜ್ ಡೌನ್ ಕೀಲಿಗಳಿಂದ ಒಂದು ಪರದೆಯಷ್ಟು. ಹೋಮ್, ಎಂಡ್ ಕೀಲಿಗಳಿಂದ ಮೊದಲಿಗೆ ಮತ್ತು ತುದಿಗೆ. ಕೋಶದ ಹೆಸರಿನ ಮೇಲೆ ಎಂಟರ್ ಒತ್ತಿದರೆ ಅದರೊಳಕ್ಕೆ ಪ್ರವೇಶ. ಎಲ್ಲಕ್ಕಿಂತ ಮೇಲೆ ಎರಡು ಚುಕ್ಕೆಗಳ ಒಂದು ಸಾಲು ಇರುತ್ತದೆ. ಅದರ ಮೇಲೆ ಎಂಟರ್ ಒತ್ತಿದರೆ ಹೊರಗಿನ ಕೋಶಕ್ಕೆ ನಿರ್ಗಮನ. ಸಂಕುಚಿಸಿ ಕಟ್ಟಿಟ್ಟ ಜಿಪ್ ಕಡತದೊಳಕ್ಕೂ ಹೀಗೆಯೇ ಎಂಟರ್ ಒತ್ತಿ ಹೊಕ್ಕು, ಕಟ್ಟು ಬಿಚ್ಚದೆಯೇ ಒಳಗೆ ಏನಿದೆಯೆಂದು ನೋಡಿ ಬರಬಹುದು.

ನೂರಾರು ಹೆಸರುಗಳ ನಡುವೆ 142ನೆಯ ಗರಿಯನ್ನು ಹುಡುಕಲು ಬಾಣದ ಕೀಲಿಯನ್ನು ಒತ್ತುತ್ತ ಕೂರಬೇಕಾಗಿಲ್ಲ. ಕಂಟ್ರೋಲ್ ಕೀಲಿಯೊಡನೆ ಎಸ್ ಒತ್ತಿ, 0142 ಎಂದು ಬರೆಯುತ್ತ ಹೋದಂತೆ ಪಟ್ಟಿ ತಾನೇ ಆ ಹೆಸರಿಗೆ ಹೋಗಿ ನಿಲ್ಲುತ್ತದೆ. ಮತ್ತೊಮ್ಮೆ ಅದೇ ಜೋಡಿಯನ್ನು ಒತ್ತಿದರೆ ಹಾಗೆಯೇ ಆರಂಭವಾಗುವ ಮುಂದಿನ ಹೆಸರಿಗೆ. ಕಂಟ್ರೋಲ್ ಎಸ್ ಇಲ್ಲದೆ ಅಂಕೆಗಳನ್ನು ಬರೆದರೆ ಅವು ಪರದೆಯ ತಳದಲ್ಲಿರುವ ಆಜ್ಞಾಪಂಕ್ತಿಗೆ ಹೋಗಿ ಸೇರುತ್ತವೆ. ಹೊಸಬರಿಗೆ ಇದು ಗೊಂದಲ ತರುತ್ತದೆ. ಹಾಗಾದಲ್ಲಿ ಆ ಬರೆಹವನ್ನು ಅಳಿಸಿ ಪಂಕ್ತಿಯನ್ನು ಖಾಲಿ ಮಾಡಿಕೊಳ್ಳಬೇಕು, ಏಕೆಂದರೆ ಮುಂದೆ ಹೇಳಲಾಗುವ ಕೆಲವು ಕೀಲಿಗಳು ಪಂಕ್ತಿ ಖಾಲಿಯಿದ್ದಾಗ ಮಾತ್ರ ಕೆಲಸ ಮಾಡುತ್ತವೆ.

ಆಲ್ಟ್ ಕೀಲಿಯೊಡನೆ ವೈ ಒತ್ತಿದರೆ ಹಿಂದೆ ನೋಡಿದ್ದ ಕೋಶಕ್ಕೆ ಮರಳಬಹುದು. ಆಲ್ಟ್ ಯು ಒತ್ತಿದರೆ ಮತ್ತೆ ಮುಂದಕ್ಕೆ. ಆಲ್ಟ್ ಐ ಒತ್ತಿದರೆ ಈಚೆ ಫಲಕದಲ್ಲಿರುವ ಕೋಶವೇ ಆಚೆ ಫಲಕದಲ್ಲೂ ತೆರೆಯುತ್ತದೆ. ಕಂಟ್ರೋಲ್ ಯು ಎರಡು ಫಲಕಗಳನ್ನು ಅದಲುಬದಲು ಮಾಡುತ್ತದೆ. ಪದೇ ಪದೇ ಹೋಗಬೇಕಾದ ಕೋಶಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡಬಹುದು. ಅಂಥ ಕೋಶದಲ್ಲಿದ್ದಾಗ ಕಂಟ್ರೋಲ್ ಎಕ್ಸ್ ಒತ್ತಿ ಬಿಟ್ಟು, ಬಳಿಕ ಎಚ್ ಒತ್ತಿದರೆ ಅದು ಪಟ್ಟಿಗೆ ಸೇರುತ್ತದೆ. ಕಂಟ್ರೋಲ್ ಕೀಲಿಯೊಡನೆ ಹಿಮ್ಮುಖ ಓರೆಗೆರೆಯನ್ನು (\) ಒತ್ತಿದಾಗ ಪಟ್ಟಿ ತೆರೆಯುತ್ತದೆ. ಭಂಡಾರದ ಹೆಸರು, ಕಟ್ಟಿನ ಸಂಖ್ಯೆ, ಅದರೊಳಗೆ ಮೂಲಚಿತ್ರ, ಅದರ ಪಕ್ಕದಲ್ಲಿ ಲಿಪ್ಯಂತರ ಎಂದು ನಾಲ್ಕಾರು ಮಜಲುಗಳ ಒಳಗೆ ಕೆಲಸ ಮಾಡುವವರಿಗೆ ಈ ಒಂದು ಸೌಕರ್ಯವೇ ಬಹಳ ಶ್ರಮವನ್ನು ಉಳಿಸುತ್ತದೆ.

ಎಫ್ 3 ಕೀಲಿ ಕಡತವನ್ನು ಓದಲು ಮಾತ್ರ ತೆರೆಯುತ್ತದೆ, ತಿದ್ದಲು ಬಿಡುವುದಿಲ್ಲ. ಆದ್ದರಿಂದ ಇದು ನಿರಪಾಯವಾದುದು. ಪಕ್ಕದ ಎಫ್ 4 ತಿದ್ದುವುದಕ್ಕಾಗಿ ತೆರೆಯುತ್ತದೆ. ಲಿಪ್ಯಂತರದ ಕಡತವನ್ನು ಸುಮ್ಮನೆ ನೋಡಬೇಕಾದಾಗ ಎಫ್ 4 ಬಳಸುವ ಅಭ್ಯಾಸವನ್ನು ಬಿಡುವುದು ಲೇಸು. ಬೆರಳು ತಾಗಿ ಒಂದು ಅಕ್ಷರ ಸೇರಿಬಿಟ್ಟರೆ ಅದು ಪಾಠಾಂತರವೆಂದು ನಾಳೆ ಟಿಪ್ಪಣಿಯಲ್ಲಿ ಕುಳಿತೀತು. ಚಿತ್ರವನ್ನು ಈ ಅಕ್ಷರಪರದೆಯ ಮೇಲೆ ನೋಡಲಾಗದು. ಅದಕ್ಕೆ ಬೇರೆ ತಂತ್ರಾಂಶ ಬೇಕು. ಇಲ್ಲಿ ನಡೆಯುವುದು ಗರಿಗಳ ಓದಲ್ಲ, ಕಟ್ಟಿನ ಲೆಕ್ಕ.

ಲೆಕ್ಕದ ಮಾತಿಗೆ ಬಂದಾಗ ಹೆಸರಿಡುವ ಕ್ರಮವನ್ನು ಕುರಿತು ಸ್ವಲ್ಪ ವಿಸ್ತರಿಸುವುದು ಅಗತ್ಯ. ದಕ್ಷಿಣದ ಪ್ರತಿಗಳಲ್ಲಿ ಸಾಮಾನ್ಯವಾಗಿ ಗರಿಯ ಅಂಕೆ ಮುಂಬದಿಯಲ್ಲಿಯೂ ಉತ್ತರದ ಪ್ರತಿಗಳಲ್ಲಿ ಸಾಮಾನ್ಯವಾಗಿ ಹಿಂಬದಿಯಲ್ಲಿಯೂ ಇರುವುದು ಹಸ್ತಪ್ರತಿ ಶಾಸ್ತ್ರಜ್ಞರಿಗೆ ತಿಳಿದದ್ದೇ. ಕನ್ನಡ ಲಿಪಿಯ ಓಲೆ, ದೇವನಾಗರಿಯ ಕಾಗದ ಎರಡೂ ಒಂದೇ ಸಂಗ್ರಹದಲ್ಲಿದ್ದಾಗ, ಅಂಕೆ ಕಂಡ ಚಿತ್ರವೇ ಮುಂಬದಿ ಎಂದು ತಿಳಿದು ಹೆಸರಿಟ್ಟರೆ ಒಂದು ಬಗೆಯ ಪ್ರತಿಗಳಲ್ಲಿ ಪ್ರತಿಯೊಂದು ಗರಿಯೂ ಹಿಂದುಮುಂದಾಗುತ್ತದೆ. ಆದುದರಿಂದ ಅಂಕೆ ಎಲ್ಲಿಯೇ ಇರಲಿ, ಮೊದಲು ಓದಬೇಕಾದ ಪಾರ್ಶ್ವಕ್ಕೆ 1, ಆಮೇಲಿನದಕ್ಕೆ 2 ಎಂದು ಗೊತ್ತುಪಡಿಸಿ, 0142-1, 0142-2 ಎಂಬ ರೀತಿಯಲ್ಲಿ ಹೆಸರಿಡುವುದು ಕ್ಷೇಮಕರ. ಸೊನ್ನೆಗಳನ್ನು ಮುಂದೆ ಸೇರಿಸಿ ನಾಲ್ಕು ಅಂಕೆ ಮಾಡುವುದಕ್ಕೆ ಕಾರಣವಿದೆ. ಸೊನ್ನೆಯಿಲ್ಲದಿದ್ದರೆ ಹೆಸರಿನ ಅನುಕ್ರಮದಲ್ಲಿ 1ರ ಬಳಿಕ 10, 100, 101 ಇತ್ಯಾದಿ ಬಂದು, 2 ಎಲ್ಲೋ ಕೆಳಗೆ ಹೋಗಿಬಿಡುತ್ತದೆ. ಮಿಡ್‌ನೈಟ್ ಕಮಾಂಡರಿನಲ್ಲಿ ಎಫ್ 9 ಒತ್ತಿ ಫಲಕದ ಅನುಕ್ರಮವನ್ನು ಆವೃತ್ತಿಕ್ರಮ ಎಂಬುದಕ್ಕೆ ಬದಲಿಸಿದರೆ ಅಂಕೆಗಳು ಬೆಲೆಯ ಪ್ರಕಾರ ಸಾಲುಗೊಳ್ಳುವುವು, ನಿಜ. ಆದರೆ ಅದೇ ಚಿತ್ರಗಳು ಇನ್ನೊಬ್ಬರ ಯಂತ್ರಕ್ಕೆ ಹೋದಾಗ ಅಲ್ಲಿಯೂ ಆ ಅನುಕ್ರಮವೇ ಇರುತ್ತದೆಂಬ ಭರವಸೆಯಿಲ್ಲ.

ಲಿಪಿಕಾರ ಕೈತಪ್ಪಿ ಒಂದೇ ಅಂಕೆಯನ್ನು ಎರಡು ಗರಿಗಳಿಗೆ ಹಾಕಿರುವುದುಂಟು. ಆಗ ಎರಡನೆಯ ಗರಿಗೆ 0142-3, 0142-4 ಎಂದು ಹೆಸರಿಟ್ಟರೆ ಮುಂದಿನ ಅಂಕೆಗಳನ್ನು ಕದಲಿಸದೆ ಅದು ತನ್ನ ಸ್ಥಾನದಲ್ಲಿಯೇ ನಿಲ್ಲುತ್ತದೆ. ಅಂಕೆ ಅಳಿದ ಬಿಡಿಗರಿಗಳನ್ನು 9001ರಿಂದ ಆರಂಭಿಸಿ ಕಡೆಯಲ್ಲಿಡಬಹುದು; ಸ್ಥಾನ ನಿರ್ಣಯವಾದ ಮೇಲೆ ಹೆಸರು ಬದಲಿಸಿದರಾಯಿತು.

ಇಂಥ ಹೆಸರುಗಳಿದ್ದಾಗ ಗುರುತು ಹಾಕುವ ಕೀಲಿಗಳ ಪ್ರಯೋಜನ ಪೂರ್ಣವಾಗಿ ದೊರೆಯುತ್ತದೆ. ಇನ್ಸರ್ಟ್ ಕೀಲಿಯನ್ನೋ ಕಂಟ್ರೋಲ್ ಟಿ ಜೋಡಿಯನ್ನೋ ಒತ್ತಿದರೆ ಪಟ್ಟಿಯಡಿಯಿರುವ ಒಂದು ಕಡತ ಗುರುತಾಗಿ ಬೇರೆ ಬಣ್ಣಕ್ಕೆ ತಿರುಗುತ್ತದೆ. ಆಜ್ಞಾಪಂಕ್ತಿ ಖಾಲಿಯಿರುವಾಗ ಅಧಿಕ ಚಿಹ್ನೆಯನ್ನು (+) ಒತ್ತಿದರೆ ಒಂದು ಚಿಕ್ಕ ಚೌಕ ತೆರೆಯುತ್ತದೆ. ಅದರಲ್ಲಿ ಒಂದು ವಿನ್ಯಾಸವನ್ನು ಬರೆದರೆ ಆ ವಿನ್ಯಾಸಕ್ಕೆ ಹೊಂದುವ ಎಲ್ಲ ಕಡತಗಳೂ ಒಮ್ಮೆಗೇ ಗುರುತಾಗುತ್ತವೆ. ವಿನ್ಯಾಸದಲ್ಲಿ ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಗಳಿಗಾದರೂ ಸಲ್ಲುತ್ತದೆ, ಪ್ರಶ್ನಾರ್ಥಕ ಚಿಹ್ನೆ ಒಂದೇ ಅಕ್ಷರಕ್ಕೆ ಸಲ್ಲುತ್ತದೆ. 01??-* ಎಂದು ಬರೆದರೆ 100ರಿಂದ 199ರ ವರೆಗಿನ ಗರಿಗಳು, *-2.* ಎಂದು ಬರೆದರೆ ಎಲ್ಲ ಗರಿಗಳ ಹಿಂಬದಿಗಳು. ಗುರುತಾದ ಕಡತಗಳು ಎಷ್ಟೆಂಬ ಸಂಖ್ಯೆ ಫಲಕದ ತಳದಲ್ಲಿ ಒಡನೆಯೇ ಕಾಣುತ್ತದೆ. 180 ಗರಿಯ ಕಟ್ಟಿನಲ್ಲಿ ಹಿಂಬದಿಗಳು 179 ಎಂದು ಕಂಡರೆ ಒಂದು ಹಿಂಬದಿಯ ಚಿತ್ರ ತೆಗೆದಿಲ್ಲ, ಅಥವಾ ಎಲ್ಲಿಯೋ ಹೋಗಿದೆ ಎಂದು ಅರ್ಥ. ಕಟ್ಟು ಇನ್ನೂ ಮೇಜಿನ ಮೇಲಿರುವಾಗಲೇ, ಭಂಡಾರಕ್ಕೆ ಹಿಂತಿರುಗಿಸುವ ಮೊದಲೇ, ಈ ಒಂದು ಎಣಿಕೆಯನ್ನು ಮಾಡಿಕೊಂಡರೆ ಇನ್ನೊಮ್ಮೆ ಅನುಮತಿ ಬೇಡಿ ಅಲೆಯುವ ಪ್ರಮೇಯ ತಪ್ಪುತ್ತದೆ. ಇಡೀ ತಂತ್ರಾಂಶದಲ್ಲಿ ಹಸ್ತಪ್ರತಿ ಸಂಗ್ರಾಹಕರಿಗೆ ಹೆಚ್ಚು ಬೆಲೆಯುಳ್ಳ ಕೀಲಿ ಇದೇ ಎಂದರೂ ಸಲ್ಲುತ್ತದೆ. ಋಣ ಚಿಹ್ನೆ (-) ಗುರುತನ್ನು ತೆಗೆಯುತ್ತದೆ; ನಕ್ಷತ್ರ ಚಿಹ್ನೆ (*) ಗುರುತಿದ್ದುದನ್ನು ಇಲ್ಲವಾಗಿಸಿ ಇಲ್ಲದುದಕ್ಕೆ ಹಾಕುತ್ತದೆ.

ಗುರುತುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಫಲಕದಲ್ಲಿ ಯಾವುದಾದರೂ ಕಡತಗಳು ಗುರುತಾಗಿದ್ದರೆ ಎಫ್ 5, ಎಫ್ 6, ಎಫ್ 8 ಈ ಮೂರೂ ಕೀಲಿಗಳು ಗುರುತಾದವುಗಳ ಮೇಲೆ ಪ್ರವರ್ತಿಸುತ್ತವೆಯೇ ಹೊರತು ಪಟ್ಟಿಯಡಿ ಕಾಣುತ್ತಿರುವ ಕಡತದ ಮೇಲೆ ಅಲ್ಲ. ಗುರುತಾದವು ಪರದೆಯ ಆಚೆಗೆ, ಕಣ್ಣಿಗೆ ಕಾಣದೆ ಇರಬಹುದು. ಆದ್ದರಿಂದ ಈ ಕೀಲಿಗಳನ್ನು ಒತ್ತುವ ಮುನ್ನ ತಳದ ಸಂಖ್ಯೆಯ ಮೇಲೆ ಒಮ್ಮೆ ಕಣ್ಣು ಹಾಯಿಸತಕ್ಕದ್ದು.

ಎಫ್ 5 ನಕಲು ಮಾಡುವ ಕೀಲಿ. ಪ್ರತಿ ಮಾಡಿಸುವುದು ಜೈನ ಪರಂಪರೆಯಲ್ಲಿ ಶಾಸ್ತ್ರದಾನವೆನಿಸಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ ಅತ್ತಿಮಬ್ಬೆಯ ಕೀರ್ತಿ ಎಲ್ಲರೂ ಬಲ್ಲದ್ದು. ಷಟ್ಖಂಡಾಗಮದ ಧವಲಾ ಟೀಕೆ ಬಹುಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯ ಓಲೆಗಳಲ್ಲಿಯೇ ಉಳಿದು, ಪ್ರತಿಗಳು ಹೊರಬಂದ ಮೇಲೆಯೇ ವಿದ್ವಲ್ಲೋಕಕ್ಕೆ ದೊರೆತು, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿತು. ಒಂದೇ ಪ್ರತಿಯನ್ನು ನಂಬಿ ಕೂರುವುದರ ಅಪಾಯವನ್ನು ಈ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕೈಬರೆಹದ ಪ್ರತಿಗೂ ಈ ನಕಲಿಗೂ ಒಂದು ದೊಡ್ಡ ಭೇದವಿದೆ. ಲಿಪಿಕಾರ ತಪ್ಪಿದಲ್ಲಿ ಗುರುತು ಉಳಿಯುತ್ತದೆ: ಹೊಡೆದ ಅಕ್ಷರ, ಸಾಲಿನ ಮೇಲೆ ಸೇರಿಸಿದ ಪದ, ಕಾಕಪದ. ಅವುಗಳಿಂದಲೇ ಸಂಪಾದಕನು ಪ್ರತಿಗಳ ವಂಶವನ್ನು ನಿರ್ಣಯಿಸುತ್ತಾನೆ. ಕಡತದ ಮೇಲೆ ಕಡತ ಬಿದ್ದು ಹಳೆಯದು ಅಳಿದಾಗ ಇಂಥ ಯಾವ ಕುರುಹೂ ಉಳಿಯುವುದಿಲ್ಲ. ಹೆಸರು ಅದೇ ಇರುತ್ತದೆ, ಒಳಗಿನದು ಬೇರೆಯಾಗಿರುತ್ತದೆ.

ಎಫ್ 5 ಒತ್ತಿದಾಗ ತೆರೆಯುವ ಚೌಕದಲ್ಲಿ ಎಲ್ಲಿಗೆ ನಕಲಾಗಲಿದೆ ಎಂಬ ಸ್ಥಳದ ಪೂರ್ಣ ಹೆಸರು ಬರೆದಿರುತ್ತದೆ. ಅದನ್ನು ಓದದೆ ಎಂಟರ್ ಒತ್ತಬಾರದು. ಮೂಲದ ದಿನಾಂಕ ಮುಂತಾದ ಲಕ್ಷಣಗಳನ್ನು ಕಾಪಾಡಬೇಕೆಂಬ ಆಯ್ಕೆಯೂ ಅದೇ ಚೌಕದಲ್ಲಿದೆ; ಅದರ ಮುಂದೆ ಗುರುತಿರುವಂತೆ ನೋಡಿಕೊಳ್ಳಬೇಕು. ಅದೇ ಹೆಸರಿನ ಕಡತ ಗಮ್ಯಸ್ಥಾನದಲ್ಲಿ ಮೊದಲೇ ಇದ್ದರೆ ತಂತ್ರಾಂಶ ನಿಂತು, ಎರಡರ ಗಾತ್ರವನ್ನೂ ದಿನಾಂಕವನ್ನೂ ತೋರಿಸಿ ಪ್ರಶ್ನಿಸುತ್ತದೆ. ಎಲ್ಲಕ್ಕೂ ಹೌದು ಎನ್ನುವ ಉತ್ತರವೂ ಅಲ್ಲಿದೆ. ನೂರು ಸಲ ಉತ್ತರಿಸುವ ಬೇಸರಕ್ಕೆ ಅದನ್ನು ಆರಿಸಿಕೊಳ್ಳುವವರು ಕಡಮೆಯಲ್ಲ. ಎರಡು ಬೇರೆ ಕಟ್ಟುಗಳ ಚಿತ್ರಗಳೂ 0001-1ರಿಂದಲೇ ಆರಂಭವಾಗುತ್ತವೆ ಎಂಬುದನ್ನು ನೆನೆದರೆ ಆ ಉತ್ತರದ ಪರಿಣಾಮ ಏನಾಗಬಹುದೆಂಬುದು ಸ್ಪಷ್ಟ. ಪ್ರಶ್ನೆ ಎದ್ದುದೇ ಏನೋ ತಪ್ಪಿದೆಯೆಂಬುದರ ಸೂಚನೆ. ಆಗ ಎಸ್ಕೇಪ್ ಕೀಲಿಯನ್ನು ಎರಡು ಸಲ ಒತ್ತಿ ಹಿಂದೆ ಸರಿಯುವುದು ಉತ್ತಮ.

ಎಫ್ 6 ಸ್ಥಳಾಂತರಿಸುವ ಕೀಲಿ. ಇದ್ದಲ್ಲಿಯೇ ಹೆಸರನ್ನು ಬದಲಿಸಲು ಶಿಫ್ಟ್ ಕೀಲಿಯೊಡನೆ ಎಫ್ 6. ಎಫ್ 7 ಹೊಸ ಕೋಶವನ್ನು ಸೃಷ್ಟಿಸುತ್ತದೆ. ಅಳಿಸುವ ಎಫ್ 8 ಅದರ ನೆರೆಯಲ್ಲಿಯೇ ಇದೆ. ಇಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗಿ ಕಾಯುತ್ತ ಕೂರುವುದಿಲ್ಲ, ಅಲ್ಲಿಗೇ ಹೋಯಿತು. ಅಳಿಸಲೇ ಎಂದು ತಂತ್ರಾಂಶ ಕೇಳುವುದೇನೋ ಉಂಟು. ಆದರೆ ಮೊದಲಿನಿಂದ ಇರುವ ವ್ಯವಸ್ಥೆಯಲ್ಲಿ ಆ ಪ್ರಶ್ನೆಗೆ ಹೌದು ಎಂಬ ಉತ್ತರವೇ ಆರಿಸಲ್ಪಟ್ಟಿರುತ್ತದೆ, ಎಂಟರ್ ತಾಗಿದರೆ ಸಾಕು. ಇದು ತಂತ್ರಾಂಶದ ದೋಷವೆಂದೇ ಹೇಳಬೇಕು. ಪರಿಹಾರವಿದೆ: ಎಫ್ 9 ಒತ್ತಿ, ಆಯ್ಕೆಗಳ ಪಟ್ಟಿಯಲ್ಲಿ ಸಂಯೋಜನೆ ಎಂಬ ಚೌಕವನ್ನು ತೆರೆದು, ಸುರಕ್ಷಿತ ಅಳಿಸುವಿಕೆ ಎಂಬುದಕ್ಕೆ ಗುರುತು ಹಾಕಿದರೆ ಅಲ್ಲ ಎಂಬ ಉತ್ತರ ಮುಂದೆ ಬರುತ್ತದೆ. ತಂತ್ರಾಂಶವನ್ನು ಹೊಸದಾಗಿ ಸೇರಿಸಿಕೊಂಡ ದಿನವೇ ಮಾಡತಕ್ಕ ಮೊದಲ ಕೆಲಸ ಇದು.

ನಕಲಾದ ಮೇಲೆ ಮೂಲಕ್ಕೂ ನಕಲಿಗೂ ತಾಳೆ ನೋಡಬೇಕು. ಒಂದು ಫಲಕದಲ್ಲಿ ಮೂಲದ ಕೋಶ, ಇನ್ನೊಂದರಲ್ಲಿ ನಕಲಿನ ಕೋಶ ತೆರೆದು, ಕಂಟ್ರೋಲ್ ಎಕ್ಸ್ ಒತ್ತಿ ಬಿಟ್ಟು ಬಳಿಕ ಡಿ ಒತ್ತಿದರೆ ಮೂರು ಬಗೆಯ ಹೋಲಿಕೆಗಳು ಎದುರಾಗುತ್ತವೆ: ಗಾತ್ರವನ್ನೂ ದಿನಾಂಕವನ್ನೂ ನೋಡುವ ತ್ವರಿತ ಹೋಲಿಕೆ, ಗಾತ್ರವನ್ನು ಮಾತ್ರ ನೋಡುವುದು, ಒಳಗಿನ ಪ್ರತಿಯೊಂದು ಬೈಟನ್ನೂ ಓದಿ ನೋಡುವ ಸಮಗ್ರ ಹೋಲಿಕೆ. ವ್ಯತ್ಯಾಸವುಳ್ಳವೂ ಒಂದು ಕಡೆ ಮಾತ್ರ ಇರುವವೂ ಗುರುತಾಗುತ್ತವೆ. ಹಸ್ತಪ್ರತಿಯ ಚಿತ್ರಗಳಿಗೆ ಸಮಗ್ರ ಹೋಲಿಕೆಯೇ ತಕ್ಕದ್ದು. ಚಿತ್ರವೊಂದಕ್ಕೆ 100 ಮೆಗಾಬೈಟ್ ಎಂದಿಟ್ಟುಕೊಂಡರೆ 360 ಚಿತ್ರಗಳಿಗೆ 36 ಗಿಗಾಬೈಟ್ ಆಗುತ್ತದೆ. ಸೆಕೆಂಡಿಗೆ 30 ಮೆಗಾಬೈಟ್ ಓದುವ ತಟ್ಟೆಯಿಂದ ಇದಕ್ಕೆ 20 ನಿಮಿಷ ಹಿಡಿಯುತ್ತದೆ. ಒಂದು ಕಟ್ಟಿನ ಭದ್ರತೆಗೆ ಇದೇನೂ ಹೆಚ್ಚಲ್ಲ. ನಕಲು ಮುಗಿದ ಕ್ಷಣದಲ್ಲಿಯೇ ಹೋಲಿಸಿದರೆ ಯಂತ್ರವು ತಟ್ಟೆಯನ್ನು ಓದದೆ ತನ್ನ ನೆನಪಿನಲ್ಲಿರುವುದನ್ನೇ ಓದಿ ಸರಿಯೆಂದು ಹೇಳುವ ಸಂಭವವಿದೆ. ಆದ್ದರಿಂದ ಹೊರತಟ್ಟೆಯನ್ನು ಕ್ರಮಪ್ರಕಾರ ಬೇರ್ಪಡಿಸಿ, ಮತ್ತೆ ಜೋಡಿಸಿದ ಮೇಲೆ ಹೋಲಿಸುವುದು ಸರಿ.

ತ್ವರಿತ ಹೋಲಿಕೆಯಲ್ಲಿ ಒಂದು ವಿಚಿತ್ರ ಕಾಣಬಹುದು. ಪೆನ್‌ಡ್ರೈವುಗಳಲ್ಲಿ ರೂಢಿಯಲ್ಲಿರುವ ಫ್ಯಾಟ್ ಎಂಬ ಹಳೆಯ ವಿನ್ಯಾಸ ಕಾಲವನ್ನು ಎರಡೆರಡು ಸೆಕೆಂಡುಗಳ ಲೆಕ್ಕದಲ್ಲಿ ಮಾತ್ರ ಬರೆದಿಡುತ್ತದೆ. ಬೆಸ ಸೆಕೆಂಡಿನಲ್ಲಿ ಹುಟ್ಟಿದ ಕಡತ ಅಲ್ಲಿಗೆ ಹೋದಾಗ ಒಂದು ಸೆಕೆಂಡ್ ಹಳೆಯದಾಗಿ ಕಾಣುತ್ತದೆ. ಏನೂ ಕೆಟ್ಟಿಲ್ಲದಿದ್ದರೂ ಹಲವು ಕಡತಗಳು ಭಿನ್ನವೆಂದು ಗುರುತಾಗುವುದು ಇದರಿಂದ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದು ಗ್ರಂಥಸಂಪಾದಕರ ವಿಶೇಷ ಗಮನಕ್ಕೆ ಅರ್ಹವಾಗಿದೆ. ಎರಡು ಕಡೆಯೂ ಒಂದೇ ಹೆಸರಿನ ಕಡತವಿದ್ದು, ದಿನಾಂಕದಲ್ಲಿ ಭೇದವಿದ್ದಾಗ ತಂತ್ರಾಂಶ ಹೊಸ ದಿನಾಂಕದ್ದನ್ನೇ ಗುರುತಿಸುತ್ತದೆ, ಹಳೆಯದನ್ನು ಬಿಡುತ್ತದೆ. ಗುರುತಾದುದನ್ನು ಎಫ್ 5ರಿಂದ ಆಚೆಗೆ ನಕಲು ಮಾಡಿದರೆ ಎರಡು ಕೋಶಗಳೂ ಸಮವಾಗುತ್ತವೆ ಎಂಬುದು ಇದರ ಹಿಂದಿರುವ ಎಣಿಕೆ. ಎಂದರೆ ಹೊಸದೇ ಸರಿಯಾದದ್ದು ಎಂಬ ಊಹೆ. ದಿನನಿತ್ಯದ ಪತ್ರವ್ಯವಹಾರಕ್ಕೆ ಈ ಊಹೆ ಸಲ್ಲಬಹುದು. ಈಚಿನ ಪ್ರತಿ ಎಂಬ ಒಂದೇ ಕಾರಣಕ್ಕೆ ಅದರ ಪಾಠವನ್ನು ಯಾವ ಸಂಪಾದಕನೂ ಸ್ವೀಕರಿಸುವುದಿಲ್ಲವಷ್ಟೆ. ಯಾರೋ ಚಿತ್ರವನ್ನು ತೆರೆದು ಅಂಚು ಕತ್ತರಿಸಿಯೋ ಬಣ್ಣ ಬದಲಿಸಿಯೋ ಉಳಿಸಿದ್ದರೆ ಹೊಸ ದಿನಾಂಕ ಬೀಳುವುದು ಆ ಕೆಟ್ಟ ಚಿತ್ರಕ್ಕೇ. ಅದು ಗುರುತಾಗಿ, ಎಫ್ 5 ಒತ್ತಿದೊಡನೆ ಕೆಡದ ಮೂಲದ ಮೇಲೆ ಹೋಗಿ ಕೂರುತ್ತದೆ. ಅಂಚಿನ ಅಂಕೆಯಿದ್ದ ಭಾಗ ಎರಡೂ ಕಡೆ ಇಲ್ಲವಾಗುತ್ತದೆ. ಆದಕಾರಣ ಹೋಲಿಕೆಯ ಗುರುತುಗಳನ್ನು ನಕಲಿನ ಆಜ್ಞೆಯೆಂದು ತಿಳಿಯದೆ, ಪರಿಶೀಲಿಸಬೇಕಾದವುಗಳ ಪಟ್ಟಿಯೆಂದು ತಿಳಿಯುವುದು ಒಳಿತು. ಈ ಹೋಲಿಕೆ ಫಲಕದಲ್ಲಿರುವ ಕಡತಗಳಿಗೆ ಮಾತ್ರ ಅನ್ವಯ. ಒಳಕೋಶಗಳೊಳಗೆ ಅದು ಇಳಿಯುವುದಿಲ್ಲ, ಒಂದೊಂದನ್ನೂ ತೆರೆದು ಬೇರೆಯಾಗಿ ಹೋಲಿಸಬೇಕು.

ಮೂಲಚಿತ್ರಗಳನ್ನು ಇಂಥ ಅಪಘಾತದಿಂದ ಕಾಯುವ ಒಂದು ಬೀಗವೂ ಇದೆ. ಕಂಟ್ರೋಲ್ ಎಕ್ಸ್ ಒತ್ತಿ ಬಿಟ್ಟು ಸಿ ಒತ್ತಿದರೆ ಅನುಮತಿಗಳ ಚೌಕ ತೆರೆಯುತ್ತದೆ. ಕಡತಗಳಿಂದ ಬರೆಯುವ ಅನುಮತಿಯನ್ನು ತೆಗೆದರೆ ಅವುಗಳ ಒಳಗನ್ನು ಬದಲಿಸಲಾಗದು. ಅವು ಇರುವ ಕೋಶದಿಂದಲೂ ತೆಗೆದರೆ ಅಳಿಸುವುದಾಗಲಿ ಹೆಸರು ಬದಲಿಸುವುದಾಗಲಿ ಆಗದು. ಎರಡರಲ್ಲಿ ಒಂದನ್ನೇ ಮಾಡಿ ನಿಶ್ಚಿಂತರಾಗುವುದು ಸಾಮಾನ್ಯ ತಪ್ಪು. ಪೆನ್‌ಡ್ರೈವಿನ ವಿನ್ಯಾಸಗಳಲ್ಲಿ ಈ ಅನುಮತಿಗಳಿಗೆ ಸ್ಥಾನವಿಲ್ಲದ್ದರಿಂದ ಅಲ್ಲಿ ಈ ಬೀಗ ನಡೆಯದು.

ಹುಡುಕಾಟದ ವಿಚಾರ. ಆಲ್ಟ್ ಕೀಲಿಯೊಡನೆ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ಕಡತಗಳನ್ನು ಹೆಸರಿನಿಂದಲೂ ಒಳಗಿನ ಪದದಿಂದಲೂ ಹುಡುಕುವ ಚೌಕ ಬರುತ್ತದೆ. ಲಿಪ್ಯಂತರಗಳೆಲ್ಲ ಸಾದಾ ಅಕ್ಷರಕಡತಗಳಾಗಿದ್ದರೆ ಒಂದು ಪಾರಿಭಾಷಿಕ ಪದ ಯಾವ ಯಾವ ಕಟ್ಟುಗಳಲ್ಲಿ ಬಂದಿದೆ ಎಂದು ಹೀಗೆ ತಿಳಿಯಬಹುದು. ಆದರೆ ಕನ್ನಡದಲ್ಲಿ ಈ ಹುಡುಕಾಟ ಕೊಡುವ ನಕಾರವನ್ನು ನಂಬಲಾಗದು. ಯೂನಿಕೋಡಿನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆಗೆ ಊಕಾರದ ಚಿಹ್ನೆಯನ್ನು ಸೇರಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಯೂನಿಕೋಡ್ ರೂಢಿಗೆ ಬರುವ ಮೊದಲು ಅಕ್ಷರವಿನ್ಯಾಸಗಳನ್ನು ಅವಲಂಬಿಸಿ ಬೆರಳಚ್ಚಾದ ಹಳೆಯ ಕಡತಗಳಂತೂ ಯಂತ್ರಕ್ಕೆ ಕನ್ನಡವಾಗಿಯೇ ಕಾಣುವುದಿಲ್ಲ. ಅವುಗಳನ್ನು ಪರಿವರ್ತಿಸಿಕೊಂಡ ಮೇಲೆಯೇ ಹುಡುಕಬೇಕು. ಇದಲ್ಲದೆ ಟರ್ಮಿನಲ್ ಪರದೆಯ ಮೇಲೆ ಕನ್ನಡದ ಒತ್ತಕ್ಷರಗಳು ಬಹುವಾಗಿ ಒಡೆದು, ಚೌಕಗಳ ಗೆರೆಗಳನ್ನೂ ಅಂಕುಡೊಂಕು ಮಾಡುತ್ತವೆ. ಕಡತಗಳ ಹೆಸರಿನಲ್ಲಿ ಅಂಕೆಗಳನ್ನಷ್ಟೇ ಬಳಸಬೇಕೆಂದು ಮೇಲೆ ಹೇಳಿದುದಕ್ಕೆ ಇದೂ ಒಂದು ಕಾರಣ. ಗ್ರಂಥದ ಹೆಸರು, ಕರ್ತೃ, ಲಿಪಿಕಾಲ ಮುಂತಾದ ವಿವರಗಳು ಅದೇ ಕೋಶದಲ್ಲಿಡುವ ವಿವರಣಾತ್ಮಕ ಸೂಚಿಯಲ್ಲಿರಲಿ.

ಕೀಲಿಮಣೆಯ ತೊಡಕುಗಳನ್ನು ಕುರಿತು ಒಂದೆರಡು ಮಾತು. ಎಫ್ ಸಾಲಿನ ಕೆಲವು ಕೀಲಿಗಳನ್ನು ಟರ್ಮಿನಲ್ ತಂತ್ರಾಂಶ ತನಗೇ ಇಟ್ಟುಕೊಂಡಿರುವುದುಂಟು; ಎಫ್ 1 ಒತ್ತಿದರೆ ಬೇರೊಂದರ ಸಹಾಯಪುಟ, ಎಫ್ 10 ಒತ್ತಿದರೆ ಬೇರೊಂದರ ಪಟ್ಟಿ ತೆರೆಯುತ್ತದೆ. ಆಗ ಎಸ್ಕೇಪ್ ಕೀಲಿಯನ್ನು ಒತ್ತಿ ಬಿಟ್ಟು ಅಂಕೆಯ ಕೀಲಿಯನ್ನು ಒತ್ತಿದರೆ ಅದೇ ಫಲ ದೊರೆಯುತ್ತದೆ: ಎಫ್ 5ಕ್ಕೆ ಎಸ್ಕೇಪ್ ಮತ್ತು 5, ಎಫ್ 10ಕ್ಕೆ ಎಸ್ಕೇಪ್ ಮತ್ತು 0. ಆಲ್ಟ್ ಕೀಲಿಗೂ ಎಸ್ಕೇಪ್ ಹೀಗೆಯೇ ಪರ್ಯಾಯವಾಗುತ್ತದೆ. ಕೀಲಿಮಣೆ ಕನ್ನಡದ ವಿನ್ಯಾಸದಲ್ಲಿರುವಾಗ ಅಕ್ಷರದ ಕೀಲಿಗಳು ನಿರೀಕ್ಷಿಸಿದಂತೆ ನಡೆಯವು. ಮೊದಲು ರೋಮನ್ ವಿನ್ಯಾಸಕ್ಕೆ ಬದಲಿಸಿಕೊಳ್ಳಬೇಕು. ಕಂಟ್ರೋಲ್ ಓ ಒತ್ತಿದಾಗ ಫಲಕಗಳೆರಡೂ ಮರೆಯಾಗಿ ಬರಿಯ ಕಪ್ಪು ಪರದೆ ಉಳಿದರೆ ಗಾಬರಿಯಾಗಬೇಕಾಗಿಲ್ಲ. ಫಲಕಗಳ ಹಿಂದಿರುವ ಆಜ್ಞೆಗಳ ಪರದೆ ಅದು; ಮತ್ತೊಮ್ಮೆ ಕಂಟ್ರೋಲ್ ಓ ಒತ್ತಿದರೆ ಫಲಕಗಳು ಮೊದಲಿದ್ದ ಕೋಶಗಳೊಡನೆ, ಹಾಕಿದ್ದ ಗುರುತುಗಳೊಡನೆ ಹಾಗೆಯೇ ಮರಳುತ್ತವೆ.